ಬೇಸಿಗೆಯ ಎಳೆಯ ಅತಿಥಿಗಳು

ಅತಿಥಿಯೆಂದರೆ ತಿಥಿಯನ್ನು ಮುಂದಾಗಿ ತಿಳಿಸದೆ ಬರುವವನು ಎಂದು ಪಂಡಿತರು ಆ ಶಬ್ದಕ್ಕೆ ಅರ್ಥ ಹೇಳುವುದುಂಟು. ಈ ಅರ್ಥವನ್ನು ಹಿಡಿದು ನೋಡಿದರೆ, ಶಾಲೆಗೆ ಬೇಸಿಗೆಯ ಸೂಟಿ ಬಿಟ್ಟೊಡನೆ ಊರಿನಿಂದ ನಗರದ ಬಂಧುಗಳ ಮನೆಗೆ ಬರುವ ಮಕ್ಕಳು ಅತಿಥಿಗಳೇ ಅಲ್ಲ. ಅವರು ಬರುವ ದಿನ, ಹತ್ತುವ ಬಸ್ಸು, ಇಳಿಯುವ ನಿಲ್ದಾಣ, ಮರಳುವ ದಿನ ಇವೆಲ್ಲವೂ ತಿಂಗಳ ಮೊದಲೇ ಗೊತ್ತಾಗಿರುತ್ತವೆ. ಅವರು ಪರಕೀಯರೂ ಅಲ್ಲ; ನಮ್ಮ ಕಳ್ಳುಬಳ್ಳಿಯ ಕುಡಿಗಳು. ಹಾಗೆಂದು ಅವರನ್ನು ಮನೆಯ ಮಕ್ಕಳೆಂದು ಪೂರ್ತಿಯಾಗಿ ಹೇಳುವಂತೆಯೂ ಇಲ್ಲ. ಮನೆಯ ಮಗುವಿಗೆ ಹಸಿವಾದರೆ ಅದು ಅಡುಗೆಮನೆಗೆ ಹೋಗಿ ಡಬ್ಬಿಗೆ ಕೈ ಹಾಕುತ್ತದೆ. ಬಂದ ಮಗು ಕರೆಯುವವರೆಗೆ ಬಾಗಿಲಲ್ಲಿ ನಿಲ್ಲುತ್ತದೆ. ಹೀಗೆ ಎರಡರ ನಡುವೆ ನಿಂತಿರುವ ಈ ಎಳೆಯರಿಗೆ ನಾವು ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾಗಿ ಕಾಣಬಹುದು. ಒಂದು ವಾರ ನಕ್ಕು ನಲಿದು ಹೋಗುವ ಮಕ್ಕಳ ವಿಷಯದಲ್ಲಿ ಧರ್ಮಜಿಜ್ಞಾಸೆ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. 2023ನೆಯ ಇಸವಿಯ ಮೇ ತಿಂಗಳವರೆಗೆ ನಾನೂ ಹಾಗೆಯೇ ಭಾವಿಸಿದ್ದೆನು.

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ, ಸರಕಾರದ ಚಾಕರಿಯ ನಿಮಿತ್ತ ಬೆಂಗಳೂರಿಗೆ ಬಂದು ಅಲ್ಲಿಯೇ ನೆಲೆನಿಂತವನು. ನನ್ನ ತಮ್ಮನು ಊರಿನಲ್ಲಿಯೇ ಉಳಿದು ಹೊಲಮನೆಗಳನ್ನು ನೋಡಿಕೊಂಡಿದ್ದಾನೆ. ಅವನ ಮಗನಿಗೆ ಇಬ್ಬರು ಮಕ್ಕಳು. ಆಗ ಹುಡುಗಿಗೆ ಹನ್ನೆರಡು ವರ್ಷ, ಹುಡುಗನಿಗೆ ಒಂಬತ್ತು. ನನ್ನ ಮಗನ ಮಗ ನಮ್ಮೊಡನೆಯೇ ಇರುವವನು, ಅವನಿಗೆ ಹತ್ತು. ಮಕ್ಕಳನ್ನು ಒಂದು ವಾರದ ಮಟ್ಟಿಗೆ ಕಳಿಸಬೇಕೆಂದು ನಾನೇ ಬಲವಂತದಿಂದ ಕರೆಸಿಕೊಂಡೆನು. ನಾನು ಬೆಳೆದ ಬಡತನ ನನ್ನ ಮನಸ್ಸಿನಲ್ಲಿತ್ತು. ಆ ಮಕ್ಕಳು ನೋಡದಿರುವುದನ್ನೆಲ್ಲ ತೋರಿಸಬೇಕೆಂಬ ಹಂಬಲವೂ ಇತ್ತು. ಅದರ ಅಡಿಯಲ್ಲಿ, ಊರನ್ನು ಬಿಟ್ಟು ಬಂದ ಅಣ್ಣನು ಏನಾದನೆಂಬುದನ್ನು ಊರಿಗೆ ತೋರಿಸಬೇಕೆಂಬ ಆಸೆಯೂ ಇದ್ದಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ವಾರದ ಏಳೂ ದಿನಗಳಿಗೆ ಕಾರ್ಯಕ್ರಮವನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೆ. ನೀರಿನ ಜಾರುಬಂಡೆಗಳ ಉದ್ಯಾನ, ತಾನೇ ಚಲಿಸುವ ಮೆಟ್ಟಿಲುಗಳ ಬಹುಮಹಡಿ ಅಂಗಡಿ ಸಂಕೀರ್ಣ, ಅದರೊಳಗಿನ ಸಿನಿಮಾ, ಯಂತ್ರದ ಕಾರುಗಳು, ಬನ್ನೇರುಘಟ್ಟದ ಹುಲಿ-ಸಿಂಹಗಳು, ಪ್ರತಿ ಸಂಜೆಗೂ ಒಂದೊಂದು ಹೊಸ ತಿಂಡಿ. ಮಕ್ಕಳು ನಕ್ಕರು, ಕೂಗಿದರು, ದಣಿದು ಕಾರಿನಲ್ಲಿಯೇ ನಿದ್ದೆ ಹೋದರು. ಹೋಗುವಾಗ ಇಬ್ಬರಿಗೂ ಹೊಸ ಬಟ್ಟೆ, ಹೊಸ ಬೂಟು, ಹುಡುಗನಿಗೆ ಬ್ಯಾಟರಿಯ ಕಾರು. ನಮ್ಮ ಮೊಮ್ಮಗನಿಗೆ ಒಂದು ವರ್ಷದಲ್ಲಿ ಆಗುವ ವಿನೋದದ ವೆಚ್ಚ ಆ ಏಳು ದಿನಗಳಲ್ಲಿ ಆಗಿತ್ತು. ಮೆಜೆಸ್ಟಿಕ್ಕಿನಲ್ಲಿ ರಾತ್ರಿಯ ಬಸ್ಸಿಗೆ ಅವರನ್ನು ತಂದೆಯೊಡನೆ ಹತ್ತಿಸಿ ಮರಳುವಾಗ, ಒಂದು ಕರ್ತವ್ಯವನ್ನು ಚೊಕ್ಕಟವಾಗಿ ಮುಗಿಸಿದ ತೃಪ್ತಿ ನನ್ನಲ್ಲಿ ತುಂಬಿತ್ತು.

ಹದಿನೈದು ದಿನಗಳ ತರುವಾಯ ತಮ್ಮನು ದೂರವಾಣಿಯಲ್ಲಿ ಮಾತಾಡಿದನು. ಮಳೆಯ ವಿಷಯ, ಬಿತ್ತನೆಯ ವಿಷಯ ಎಲ್ಲ ಮುಗಿದ ಮೇಲೆ ಸ್ವಲ್ಪ ತಡೆದು, "ಅಣ್ಣಾ, ತಪ್ಪು ತಿಳಕೋಬ್ಯಾಡ್ರಿ. ಮುಂದಿನ ವರ್ಷ ಹುಡುಗೂರ್ನ ಕರೀಬ್ಯಾಡ್ರಿ" ಎಂದನು. ಕಾರಣ ಕೇಳಿದಾಗ ಹೇಳಲು ಹಿಂಜರಿದನು. ಹುಡುಗನು ಊರಿಗೆ ಹೋದಂದಿನಿಂದ ರೊಟ್ಟಿಯ ತಾಟನ್ನು ಸರಿಸುತ್ತಿದ್ದನಂತೆ. ತಾಯಿ ಗದರಿದಾಗ, "ನಮ್ಮ ಮನ್ಯಾಗ ಏನೈತಿ?" ಎಂದು ಕೇಳಿದನಂತೆ. ಆ ತಾಯಿ ಮಗುವಿಗೆ ಏನೂ ಉತ್ತರ ಕೊಡದೆ ಹಿತ್ತಲಿಗೆ ಹೋಗಿ ಕುಳಿತಳಂತೆ. ಕೆಲವು ದಿನಗಳಲ್ಲಿ ಹುಡುಗನು ಅದನ್ನು ಮರೆತು ಮೊದಲಿನಂತಾದನು, ಮಕ್ಕಳು ಹಾಗೆಯೇ. ತಾಯಿ ಮರೆಯಲಿಲ್ಲ.

ತಮ್ಮನ ಹೆಂಡತಿಯೂ ಅದೇ ದಿನ ಮಾತಾಡಿದಳು. ಆಕೆ ಬೇಸರದ ಮಾತೊಂದನ್ನೂ ಆಡಲಿಲ್ಲ. "ಭಾವಾರ, ಹಿಂಡಿ ಖಾರ ಆಗಿತ್ತೇನ್ರಿ? ಎಲ್ಲಾರೂ ತಿಂದ್ರು, ಭಾಳ ಚಲೋ ಅಂದ್ರು ಅಂತ ಹುಡುಗಿ ಹೇಳ್ತು" ಎಂದಳು.

ಇಲ್ಲಿ ನಾನು ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಮಕ್ಕಳು ಬಂದಿಳಿದ ದಿನ ಹುಡುಗಿಯ ಕೈಯಲ್ಲಿ ಒಂದು ದೊಡ್ಡ ಸ್ಟೀಲಿನ ಡಬ್ಬಿ ಇತ್ತು. ಮುಚ್ಚಳದ ಮೇಲೆ ಆಕೆಯ ಅಜ್ಜಿಯ ತವರುಮನೆಯ ಹೆಸರನ್ನು ಕೊರೆಸಿತ್ತು; ಮದುವೆಯಲ್ಲಿ ಬಂದ ಪಾತ್ರೆಯದು. ಒಳಗೆ ಖಟಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ, ಬೇರೆ ಗಂಟಿನಲ್ಲಿ ಶೇಂಗಾ ಹೋಳಿಗೆ. ಅಷ್ಟು ರೊಟ್ಟಿ ಬಡಿಯಬೇಕಾದರೆ ಒಲೆಯ ಮುಂದೆ ಎಷ್ಟು ಹೊತ್ತು ಕೂಡಬೇಕೆಂಬುದು ಬಲ್ಲವರಿಗೆ ಗೊತ್ತು. ಅದನ್ನು ತೆಗೆದುಕೊಂಡು "ಆಮೇಲೆ ತಿನ್ನೋಣ" ಎಂದು ಹೇಳಿ ಕಪಾಟಿನ ಮೇಲೆ ಇಟ್ಟವನು ನಾನೇ. ಆ ರಾತ್ರಿ ಹೊರಗಿನಿಂದ ಊಟ ತರಿಸಿದ್ದೆವು. ಮಾರನೆಯ ದಿನ ಹೊರಗೇ ಉಂಡೆವು. ಡಬ್ಬಿ ಮರೆತುಹೋಯಿತು. ತಮ್ಮನ ಹೆಂಡತಿ ಮಾತಾಡಿದ ದಿನಕ್ಕೆ ಎರಡು ದಿನ ಮುಂಚೆ ಕಪಾಟು ಒರೆಸುವಾಗ ಅದು ನನ್ನ ಪತ್ನಿಯ ಕೈಗೆ ಸಿಕ್ಕಿತು. ಹೋಳಿಗೆಗೆ ಬೂಷ್ಟು ಬಂದಿತ್ತು, ಹಿಂಡಿಯ ಎಣ್ಣೆ ಕಮಟಿತ್ತು. ಎಲ್ಲವನ್ನೂ ಚೆಲ್ಲಿದೆವು.

ಹುಡುಗಿಗೆ ಇದೆಲ್ಲ ಗೊತ್ತಿತ್ತು. ಏಳು ದಿನವೂ ಆ ಡಬ್ಬಿ ಕಪಾಟಿನ ಮೇಲೆ ಇದ್ದುದನ್ನು ಆಕೆ ನೋಡಿದ್ದಳು. ನೆನಪಿಸಲು ಸಂಕೋಚಪಟ್ಟಳು. ಊರಿಗೆ ಹೋದ ಮೇಲೆ ಅಜ್ಜಿ ಕೇಳಿದಾಗ, ಅಜ್ಜಿಯ ಮನಸ್ಸು ನೋಯಬಾರದೆಂದೂ ನಮ್ಮ ಹೆಸರು ಕೆಡಬಾರದೆಂದೂ ಸುಳ್ಳು ಹೇಳಿದಳು. "ಹಿಂಡಿ ಹೇಗಿತ್ತು" ಎಂದು ಆ ಅಜ್ಜಿ ನನ್ನನ್ನು ಕೇಳಿದಾಗ ನಾನೂ ಅದೇ ಸುಳ್ಳನ್ನು ಹೇಳಿದೆನು. ಎಪ್ಪತ್ತರ ಗಡಿಯಲ್ಲಿದ್ದ ನಾನು ಹನ್ನೆರಡು ವರ್ಷದ ಬಾಲಿಕೆಯ ಸುಳ್ಳಿನ ಹಿಂದೆ ಅಡಗಿ ನಿಂತೆನು.

ಈ ಎರಡು ಸಂಗತಿಗಳು, ಹುಡುಗನ ಮಾತು ಮತ್ತು ಹುಡುಗಿಯ ಸುಳ್ಳು, ನನ್ನನ್ನು ಬಹುದಿನ ಕಾಡಿದವು. ಮೊದಲು ನಾನು ಸುಲಭವಾದ ದಾರಿಯನ್ನು ಹಿಡಿದೆ. ತಪ್ಪೆಲ್ಲವೂ ಆ ವಿನೋದದಲ್ಲಿಯೇ ಇದೆ, ನಗರದ ಈ ಥಳಕು ಮಕ್ಕಳ ಮನಸ್ಸನ್ನು ಕೆಡಿಸಿತು, ಮುಂದೆ ಕರೆಸಿದರೆ ಬೆಳಿಗ್ಗೆ ಎಬ್ಬಿಸಿ ಶ್ಲೋಕ ಹೇಳಿಸಿ ವಸ್ತುಸಂಗ್ರಹಾಲಯಕ್ಕೆ ಮಾತ್ರ ಕರೆದೊಯ್ಯುತ್ತೇನೆ ಎಂದು ಪತ್ನಿಯ ಮುಂದೆ ಘೋಷಿಸಿದೆ. ಆಕೆ ನನ್ನ ಹಾಗೆ ಪುಸ್ತಕ ಓದಿದವಳಲ್ಲ. ಆದರೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ನಮ್ಮ ಮೊಮ್ಮಗ ನೀರಿನಲ್ಲಿ ಜಾರಿದರೆ ಅದು ಮಕ್ಕಳ ಆಟ. ಅದೇ ನಿಮ್ಮ ತಮ್ಮನ ಮೊಮ್ಮಕ್ಕಳು ಜಾರಿದರೆ ಸಂಸ್ಕಾರ ಕೆಡುತ್ತದೆಯೇ?" ಎಂದಳು.

ಯೋಚಿಸಿದಷ್ಟೂ ಆ ಮಾತು ತೂಕವಾಗುತ್ತ ಹೋಯಿತು. ಉಳ್ಳವರು ಬಡವರ ಮಕ್ಕಳಿಗೆ ಸರಳಜೀವನವನ್ನು ಉಪದೇಶಿಸುವುದರಲ್ಲಿ ಒಂದು ಕಪಟವಿದೆ. ಸುಖವನ್ನು ತಾನು ಇಟ್ಟುಕೊಂಡು ನೀತಿಯನ್ನು ಮಾತ್ರ ಹಂಚುವವನಿಗಿಂತ, ಕೈಯಲ್ಲಿದ್ದುದನ್ನು ಲೆಕ್ಕವಿಡದೆ ಖರ್ಚುಮಾಡಿದ 2023ರ ಆ ಅವಿವೇಕಿಯೇ ಮೇಲು ಎಂದು ನನಗೆ ಈಗಲೂ ಅನ್ನಿಸುತ್ತದೆ. ಮಕ್ಕಳಿಗೆ ನಲಿವು ಬೇಕು. ವರ್ಷವಿಡೀ ಪಾಠ, ಮನೆಗೆಲಸ, ಹೊಲದ ಕೆಲಸ ಎಂದಿರುವ ಮಕ್ಕಳಿಗಂತೂ ಇನ್ನೂ ಹೆಚ್ಚು ಬೇಕು. ಹಾಗಾದರೆ ದೋಷ ಎಲ್ಲಿತ್ತು?

ಈ ಪ್ರಶ್ನೆಯನ್ನು ಹೊತ್ತು ಕುಳಿತಾಗ ನನ್ನ ನೆನಪು 1964ನೆಯ ಇಸವಿಯ ಬೇಸಿಗೆಗೆ ಹೋಯಿತು. ಆಗ ನಾನು ಹನ್ನೊಂದು ವರ್ಷದವನು. ನನ್ನ ಸೋದರಮಾವನು ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದನು. ಚಾಳಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಅದರಲ್ಲಿ ಐದು ಜನ, ಆರನೆಯವನಾಗಿ ನಾನು. ಆ ವಾರದಲ್ಲಿ ಮಾವನು ನನಗೆ ಖರ್ಚುಮಾಡಿದ ಹಣ ಎರಡು ರೂಪಾಯಿಯನ್ನು ದಾಟಿರಲಾರದು. ಆದರೂ ಅಷ್ಟು ಸಂತೋಷದ ವಾರ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ. ಒಂದು ಸಂಜೆ ಉಣಕಲ್ ಕೆರೆಯ ದಂಡೆ, ಒಂದು ದಿನ ಸಿದ್ಧಾರೂಢರ ಮಠ, ಇನ್ನೊಂದು ದಿನ ಅತ್ತೆಯೊಡನೆ ದುರ್ಗದ ಬೈಲಿನ ಸಂತೆ. ಬೆಳಿಗ್ಗೆ ನಳದ ಸರತಿಯಲ್ಲಿ ಕೊಡ ಇಟ್ಟು ಕಾಯುವ ಕೆಲಸ ನನ್ನದಾಗಿತ್ತು. ನನ್ನ ವಯಸ್ಸಿನ ನಾಲ್ಕಾರು ಹುಡುಗರು ಅಲ್ಲಿ ಸೇರುತ್ತಿದ್ದರು. ನಗರದ ಬೈಗುಳಗಳನ್ನೂ ಗೋಲಿಯಾಟದ ಹೊಸ ವರಸೆಗಳನ್ನೂ ನಾನು ಕಲಿತದ್ದು ಆ ಸರತಿಯಲ್ಲಿಯೇ. ಕಾರ್ಖಾನೆಯ ಭೋಂಗಾ ಕೂಗಿದಾಗ ಮಾವನು ಬರುವ ದಾರಿಗೆ ಓಡಿಹೋಗುತ್ತಿದ್ದೆ. ಅವನ ಅಂಗಿಗೆ ಎಣ್ಣೆಯ ವಾಸನೆ ಇರುತ್ತಿತ್ತು. ಮಾವನ ಮನೆಯ ಅನ್ನ ಎಲ್ಲಿಂದ ಬರುತ್ತದೆಂಬುದು ಆ ವಾಸನೆಯಿಂದ ನನಗೆ ತಿಳಿದಿತ್ತು.

ಎಲ್ಲಕ್ಕಿಂತ ಮಿಗಿಲಾಗಿ ನೆನಪಿರುವುದು ಮೊದಲ ದಿನದ ಸಂಗತಿ. ನನ್ನ ತಾಯಿ ಒಂದು ಹಳೆಯ ಸೀರೆಯ ತುಂಡಿನಲ್ಲಿ ಜೋಳದ ಹಿಟ್ಟು, ಶೇಂಗಾ, ಬೆಲ್ಲ, ಒಂದಿಷ್ಟು ಹಪ್ಪಳ ಕಟ್ಟಿಕೊಟ್ಟಿದ್ದಳು. ನಗರದವರ ಮುಂದೆ ಆ ಗಂಟನ್ನು ಬಿಚ್ಚಲು ನನಗೆ ನಾಚಿಕೆ. ಅತ್ತೆ ಅದನ್ನು ಕಸಿದುಕೊಂಡಂತೆ ತೆಗೆದುಕೊಂಡು ನಡುಮನೆಯಲ್ಲಿ ಬಿಚ್ಚಿದಳು. ಶೇಂಗಾ-ಬೆಲ್ಲವನ್ನು ಸಣ್ಣ ಸಣ್ಣ ಪಾಲು ಮಾಡಿ ಎಲೆಯ ತುಂಡುಗಳ ಮೇಲಿಟ್ಟು, "ನಮ್ಮ ನಾದಿನಿ ಕಳಸ್ಯಾಳಂತ ಹೇಳು" ಎಂದು ಚಾಳಿನ ಮನೆಮನೆಗೆ ನನ್ನ ಕೈಯಿಂದಲೇ ಕಳಿಸಿದಳು. ಹೀಗೆ ನಾನು ಆ ಚಾಳಿಗೆ ಕೊಡುವವನಾಗಿ ಪರಿಚಿತನಾದೆ. ಮರುದಿನ ನಳದ ಸರತಿಯಲ್ಲಿ ಯಾರೂ ನನ್ನನ್ನು ಹಳ್ಳಿಯ ಹುಡುಗನೆಂದು ಹಿಂದಕ್ಕೆ ತಳ್ಳಲಿಲ್ಲ. ಮರಳುವಾಗ ಅತ್ತೆ ಆ ಬಟ್ಟೆಯನ್ನು ಒಗೆದು ಮಡಿಚಿ, ಅದರಲ್ಲಿ ಚುನಮರಿ ತುಂಬಿ ಕೊಟ್ಟಳು. ಬಂದ ಪಾತ್ರೆಯನ್ನಾಗಲಿ ಬಟ್ಟೆಯನ್ನಾಗಲಿ ಬರಿದಾಗಿ ಕಳಿಸಬಾರದೆಂಬ ವಾಡಿಕೆ ನಮ್ಮಲ್ಲಿ ಯಾವ ಗ್ರಂಥದಲ್ಲಿಯೂ ಬರೆದಿಟ್ಟದ್ದಲ್ಲ. ಹೆಣ್ಣುಮಕ್ಕಳ ಕೈಯಿಂದ ಕೈಗೆ ನಡೆದುಬಂದದ್ದು.

ಅತ್ತೆ ಮಾಡಿದುದನ್ನೂ ನಾನು ಮಾಡಿದುದನ್ನೂ ಎದುರುಬದುರಾಗಿ ಇಟ್ಟು ನೋಡಿದಾಗ ದೋಷ ಕಣ್ಣಿಗೆ ಕಂಡಿತು. ನಾನು ಏಳು ದಿನ ಕೊಟ್ಟೆ, ಕೊಟ್ಟೆ, ಕೊಡುತ್ತಲೇ ಇದ್ದೆ. ಆ ಮಕ್ಕಳಿಂದ ಒಂದು ರೊಟ್ಟಿಯ ಚೂರನ್ನೂ ತೆಗೆದುಕೊಳ್ಳಲಿಲ್ಲ. ಕೊಡುವುದು ಸುಲಭ; ಅದರಲ್ಲಿ ಕೊಡುವವನ ಕೈ ಮೇಲಿರುತ್ತದೆ. ತೆಗೆದುಕೊಳ್ಳಬೇಕಾದರೆ ನಾವು ಕೈಯನ್ನು ಕೆಳಗೆ ಹಿಡಿಯಬೇಕು. ಬಂದವನ ಬಳಿ ನಮಗೆ ಬೇಕಾದದ್ದು ಏನೋ ಇದೆಯೆಂದು ಒಪ್ಪಬೇಕು. ಬಂದವನಿಂದ ಏನನ್ನೂ ಬಯಸದ ಆತಿಥ್ಯ ನಿಃಸ್ವಾರ್ಥವೆಂದು ನಾನು ತಿಳಿದಿದ್ದೆ. ಆದರೆ ಅದು ಬಂದವನಿಗೆ, "ನಿನ್ನ ಮನೆಯಲ್ಲಿ ನಮಗೆ ಬೇಕಾದದ್ದು ಏನೂ ಇಲ್ಲ" ಎಂದು ಬಾಯಿಬಿಡದೆ ಹೇಳುತ್ತದೆ. ಆ ಒಂಬತ್ತು ವರ್ಷದ ಹುಡುಗನು ತಾಯಿಗೆ ಹೇಳಿದುದೂ ಅದನ್ನೇ. ಆ ಮಾತನ್ನು ಅವನು ಜಾರುಬಂಡೆಯಿಂದ ಕಲಿಯಲಿಲ್ಲ. ಕಪಾಟಿನ ಮೇಲಿದ್ದ ಡಬ್ಬಿಯಿಂದ ಕಲಿತನು.

ಮಠದ ಪ್ರಸಾದ ನಿಲಯಗಳಲ್ಲಿ ಬೆಳೆದ ವಾಚಕರಿಗೆ ಈ ವಿಷಯವನ್ನು ನಾನು ವಿಸ್ತರಿಸಿ ಹೇಳಬೇಕಾಗಿಲ್ಲ. ನಮ್ಮನ್ನು ಉಚಿತವಾಗಿ ಉಣಿಸಿದ ಮಠವು ನಮ್ಮ ಮನೆಗಳಿಂದ ಏನನ್ನೂ ಪಡೆಯಲಿಲ್ಲವೇ? ಸುಗ್ಗಿಯ ಕಾಲದಲ್ಲಿ ಜೋಳಿಗೆ ಹಳ್ಳಿಗೆ ಬರುತ್ತಿತ್ತು. ಮೂರು ಎಕರೆಯ ಒಕ್ಕಲಿಗನೂ ತನ್ನ ಕಣದಿಂದ ಒಂದು ಮೊರ ಜೋಳವನ್ನು ಹಾಕುತ್ತಿದ್ದನು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಸಾವಿರಾರು ವಿದ್ಯಾರ್ಥಿಗಳ ದಾಸೋಹಕ್ಕಾಗಿ ಊರೂರು ತಿರುಗಿ ದವಸವನ್ನು ಭಿಕ್ಷೆಯಾಗಿ ಸ್ವೀಕರಿಸಿದುದು ನಾಡಿಗೇ ತಿಳಿದ ಸಂಗತಿ. ಆ ಒಂದು ಮೊರ ಜೋಳದಿಂದ ಎಷ್ಟು ಮಕ್ಕಳ ಹೊಟ್ಟೆ ತುಂಬೀತೆಂಬ ಲೆಕ್ಕ ಬೇರೆ. ನನ್ನ ತಂದೆ ಅದನ್ನು ಹಾಕಿದ್ದರಿಂದ, ಮಠದ ಪಂಕ್ತಿಯಲ್ಲಿ ಕುಳಿತ ನಾನು ತಲೆಯೆತ್ತಿ ಉಂಡೆನು. ಊಟವಾದ ಮೇಲೆ ನಮ್ಮ ಸರದಿ ಬಂದಾಗ ನೆಲ ಸಾರಿಸಿದೆವು, ಬಡಿಸಿದೆವು, ಸೌದೆ ಒಟ್ಟಿದೆವು. ಇಷ್ಟೆಲ್ಲ ಬಲ್ಲ ನಾನು ಸ್ವಂತ ಮನೆಯಲ್ಲಿ ಅದನ್ನು ಮರೆತದ್ದು ಹೇಗೆಂಬುದೇ ನನಗೆ ಆಶ್ಚರ್ಯ. ಸಂಬಳ, ಪಿಂಚಣಿ, ಕಾರು ಇವು ಬಂದ ಮೇಲೆ ಕೈ ಮೇಲಿಡುವುದೇ ರೂಢಿಯಾಗಿಬಿಡುತ್ತದೆಯೋ ಏನೋ.

2024ರ ಬೇಸಿಗೆ ಬಂತು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸಾರಲಾಗಿತ್ತು. ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ, ನೀರಿನ ಟ್ಯಾಂಕರಿಗಾಗಿ ಜನ ಕಾದು ನಿಂತ ಕಾಲವದು. ನಮ್ಮ ಬೀದಿಯಲ್ಲಿಯೂ ಕೊಡಗಳ ಸಾಲು ನಿಂತಾಗ ನನಗೆ ಹುಬ್ಬಳ್ಳಿಯ ಚಾಳು ನೆನಪಾಯಿತು. ಆಗ ತಮ್ಮನೇ ಫೋನು ಮಾಡಿ, "ಇಲ್ಲಿನೂ ಬರಾನ ಐತಿ. ಆದರೂ ಕುಡಿಯಾಕ ನೀರೈತಿ. ನೀವ ಬರ್ರಿ, ಮೊಮ್ಮಗನ್ನೂ ಕರಕೊಂಡ ಬರ್ರಿ" ಎಂದು ಕರೆದನು. ಹೋಗುವುದೋ ಬೇಡವೋ ಎಂದು ನಾನು ಎರಡು ದಿನ ತೂಗಾಡಿದೆ. ಬರದಲ್ಲಿರುವ ಮನೆಗೆ ಮೂರು ಹೊಟ್ಟೆಗಳನ್ನು ಹೊತ್ತು ಹೋಗುವುದು ತರವೇ? ಪತ್ನಿ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತ, "ಈಗ ಹೋಗದಿದ್ದರೆ ಮತ್ತೆಂದೂ ಹೋಗಬೇಡಿ" ಎಂದಳು. ಹೋದೆವು.

ನಮ್ಮ ಮೊಮ್ಮಗನು ಮೊದಲ ಎರಡು ದಿನ ಮುಖ ಊದಿಸಿಕೊಂಡು ಕುಳಿತನು. ಕರೆಂಟು ಹೋಗುವುದು, ಸೊಳ್ಳೆ, ಬಯಲಿನ ಬಿಸಿಲು ಎಲ್ಲಕ್ಕೂ ಅವನ ತಕರಾರು. ಅವನಿಗಾಗಿ ಯಾರೂ ಕಾರ್ಯಕ್ರಮದ ಹಾಳೆ ಬರೆದಿರಲಿಲ್ಲ. ಮೂರನೆಯ ದಿನ ಪಡಸಾಲೆಯಲ್ಲಿ ಹುಣಸೆಹಣ್ಣಿನ ರಾಶಿ ಬಿದ್ದಿತು. ಕುಟ್ಟಿ ಬೀಜ ತೆಗೆಯುವ ಕೆಲಸ. ತಮ್ಮನ ಮೊಮ್ಮಗನು ಒಂದು ಸಣ್ಣ ಬಡಿಗೆಯನ್ನು ತಂದು ಇವನ ಕೈಗಿತ್ತನು. ಬೆರಳಿಗೆ ಪೆಟ್ಟು ಮಾಡಿಕೊಳ್ಳುತ್ತ, ಹುಳಿ ಚೀಪುತ್ತ, ಸಂಜೆಯವರೆಗೆ ಇಬ್ಬರೂ ಕುಟ್ಟಿದರು. ಶಾವಿಗೆಯ ಮಣೆಯ ಮುಂದೆ ಮಾರನೆಯ ದಿನ, ಚದುರಂಗದ ಹಾಸಿನ ಮುಂದೆ ಆ ರಾತ್ರಿ. ಆ ಆಟವನ್ನು ಕಲಿಸಿದವನು ನಮ್ಮವನು. ಒಂದು ವಾರದೊಳಗೆ ಅವನನ್ನೇ ಸೋಲಿಸಿದವನು ಆ ಹುಡುಗ.

ಒಂದು ಸಂಜೆ ಕಟ್ಟೆಯ ಮೇಲೆ ಕುಳಿತಾಗ ಧೈರ್ಯ ತಂದುಕೊಂಡು ತಮ್ಮನ ಹೆಂಡತಿಗೆ ಹೇಳಿದೆ: "ತಂಗೀ, ಹೋದ ವರ್ಷ ನೀ ಕಳಿಸಿದ ಡಬ್ಬಿ ನಾವು ತೆಗೀಲೇ ಇಲ್ಲವ್ವಾ. ಕೆಟ್ಟುಹೋಯಿತು. ಚೆಲ್ಲಿದೆವು."

ಆಕೆ ಮೊರದಲ್ಲಿನ ಕಾಳು ಹಸನು ಮಾಡುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ ಬಿಡ್ರಿ, ಭಾವಾರ. ಡಬ್ಬಿ ಹೊಳ್ಳಿ ಬರಲಿಲ್ಲಲ್ಲ, ಅವತ್ತ ತಿಳೀತು."

"ಹುಡುಗಿ ಎಲ್ಲರೂ ತಿಂದರು ಅಂದದ್ದು?"

"ಅದೂ ಗೊತ್ತಿತ್ರಿ. ಕೂಸು ನಿಮ್ಮ ಮಾನ ಕಾಯಾಕ ಹೊಂಟಿತ್ತು. ನಾ ಯಾಕ ಬಿಡಿಸಿ ಕೇಳ್ಲಿ?"

ಅಂದರೆ ಸುಳ್ಳನ್ನು ಹೇಳಿದವರು ಇಬ್ಬರಲ್ಲ, ಮೂವರು. ಹುಡುಗಿ ಹೇಳಿದಳು, ನಾನು ಹೇಳಿದೆ, ಗೊತ್ತಿದ್ದೂ ಗೊತ್ತಿಲ್ಲದಂತೆ "ಖಾರ ಆಗಿತ್ತೇನ್ರಿ" ಎಂದು ಕೇಳಿ ನನಗೆ ತಪ್ಪೊಪ್ಪಿಕೊಳ್ಳಲು ಒಂದು ಬಾಗಿಲನ್ನು ತೆರೆದಿಟ್ಟವಳು ಆಕೆ. ಆ ಬಾಗಿಲನ್ನು ನಾನು ಅಂದು ಬಳಸಲಿಲ್ಲ. ಸತ್ಯವನ್ನೇ ನುಡಿಯಬೇಕೆಂದು ಮಕ್ಕಳಿಗೆ ಕಲಿಸುವ ನಾವು, ಆ ಬಾಲಿಕೆಯ ಮಾತನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಅವಳು ಹೇಳಿದುದು ನಿಜವಲ್ಲ. ಆದರೆ ಅದರಿಂದ ಅವಳಿಗೆ ಲಾಭವೂ ಇರಲಿಲ್ಲ. ನನ್ನದು ಹಾಗಲ್ಲ, ನನ್ನ ಮುಖ ಉಳಿಯಲಿ ಎಂದೇ ನಾನು ಹೇಳಿದೆನು. ಮಾತು ಒಂದೇ ಆದರೂ ಎರಡನ್ನೂ ಒಂದೇ ಹೆಸರಿನಿಂದ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅತಿಥಿಯ ಮಾನವನ್ನು ಕಾಯುವುದು ಮನೆಯ ಯಜಮಾನನ ಧರ್ಮವೆಂದು ಕೇಳಿಬಲ್ಲೆವು. ಇಲ್ಲಿ ಯಜಮಾನನ ಮಾನವನ್ನು ಎಳೆಯ ಅತಿಥಿಯೇ ಕಾದಿದ್ದಳು.

2025ರ ಮೇ ತಿಂಗಳಲ್ಲಿ ಮಕ್ಕಳು ಮತ್ತೆ ಬಂದರು. ಈ ಸಲ ಗೋಡೆಗೆ ಹಾಳೆ ಅಂಟಿಸಲಿಲ್ಲ. ಪ್ರತಿ ದಿನಕ್ಕೆ ಇಷ್ಟು ಎಂದು ಖರ್ಚಿನ ಹಣವನ್ನು ಮಕ್ಕಳ ಕೈಗೇ ಕೊಟ್ಟು, ಎಲ್ಲಿಗೆ ಹೋಗಬೇಕೆಂಬುದನ್ನು ಮೂವರೂ ಕೂಡಿ ನಿಶ್ಚಯಿಸಬೇಕೆಂದೆವು. ಅವರ ಚರ್ಚೆಯ ಗದ್ದಲವನ್ನು ಕೇಳುವುದೇ ಒಂದು ವಿನೋದವಾಗಿತ್ತು. ನೀರಿನ ಉದ್ಯಾನಕ್ಕೆ ಎರಡು ದಿನದ ಹಣ ಬೇಕಾಗುತ್ತದೆಂದು ತಿಳಿದು, ಒಂದು ದಿನ ಏನನ್ನೂ ಖರ್ಚುಮಾಡದೆ ಲಾಲ್‌ಬಾಗಿಗೆ ಬುತ್ತಿ ಕಟ್ಟಿಕೊಂಡು ಹೋಗುವುದೆಂದು ನಿಶ್ಚಯಿಸಿದರು. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟದ ಮರಗಳಿಗಿಂತ, 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಗಿಂತ, ಅಲ್ಲಿನ ಬೋಳು ಬಂಡೆಯೇ ಹುಡುಗನಿಗೆ ಹಿಡಿಸಿತು. ಆ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸೆಂದು ಹೇಳಿದೆ. ಅವನು ಅಂಗೈಯಿಂದ ಅದನ್ನು ತಟ್ಟಿ, "ಇಂಥಾದ್ದು ನಮ್ಮ ಹೊಲದ ಬದುವಿನ್ಯಾಗೂ ಐತಿ, ಅದಕ್ಕೆಷ್ಟ ವರ್ಷ ಇರಬಹುದು ದೊಡ್ಡಜ್ಜಾ?" ಎಂದು ಕೇಳಿದನು. ನಮ್ಮ ಮನೆಯಲ್ಲಿ ಏನಿದೆಯೆಂದು ಎರಡು ವರ್ಷದ ಹಿಂದೆ ಕೇಳಿದ ಹುಡುಗನೇ ಇವನು ಎಂದು ನಾನು ಪತ್ನಿಯ ಮುಖ ನೋಡಿದೆ. ಆಕೆ ಹಿಂಡಿಯ ಪೊಟ್ಟಣ ಬಿಚ್ಚುವುದರಲ್ಲಿದ್ದಳು.

1962ರಲ್ಲಿ ನೆಹರೂ ಅವರು ಉದ್ಘಾಟಿಸಿದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ದಿನ ಕಳೆಯಿತು. ಮೆಟ್ರೋ ರೈಲಿನಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮ್ಮನೆ ಹೋಗಿಬರುವುದೇ ಇನ್ನೊಂದು ದಿನದ ಕಾರ್ಯಕ್ರಮವಾಯಿತು. ನೀರಿನ ಉದ್ಯಾನದಲ್ಲಿ ಮೂವರೂ ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡು ಬಂದರು. ನಾನೂ ಒಮ್ಮೆ ಜಾರಿದೆನೆಂಬುದನ್ನು ಇಲ್ಲಿ ಬರೆಯದಿದ್ದರೆ ಸತ್ಯಕ್ಕೆ ಅಪಚಾರವಾದೀತು.

ಹುಡುಗಿ ಮಾತ್ರ ಈ ಸಲವೂ ಬೇರೆಯೇ. ಅಡುಗೆಮನೆಯಲ್ಲಿ ಕೊಡ ತುಂಬುತ್ತ, "ಈ ನೀರು ಎಲ್ಲಿಂದ ಬರ್ತೈತಿ?" ಎಂದು ಕೇಳಿದಳು. ನೂರು ಕಿಲೋಮೀಟರಿನಷ್ಟು ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರನ್ನು ಯಂತ್ರಗಳಿಂದ ಸುಮಾರು 500 ಮೀಟರು ಎತ್ತರಕ್ಕೆ ಏರಿಸಿ ತರುತ್ತಾರೆಂದೂ, ಮೊದಲ ಹಂತದ ನೀರು 1974ರಲ್ಲಿ ಬಂದಿತೆಂದೂ, ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಯಿತೆಂದೂ ವಿವರಿಸಿದೆ. "ಹಂಗಾರ ಅದೂ ನಮ್ಮಂಗ ಊರಿಂದ ಬಂದದ್ದು" ಎಂದು ಆಕೆ ನಕ್ಕಳು. ಆ ಸಂಜೆ ನನ್ನ ಪತ್ನಿಗೆ ರೊಟ್ಟಿ ಬಡಿಯುವುದನ್ನು ಆಕೆಯೇ ಮತ್ತೆ ಕಲಿಸಿದಳು. ನಲವತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಚಪಾತಿ ಲಟ್ಟಿಸಿದ ಕೈ ಅದು. ಬಡಿಯುವ ತಾಳ ತಪ್ಪಿಹೋಗಿತ್ತು. "ದೊಡ್ಡಾಯಿ, ಅಂಗೈ ಸಡಲ ಬಿಡ್ರಿ" ಎಂದು ಹದಿನಾಲ್ಕು ವರ್ಷದ ಹುಡುಗಿ ಹೇಳುವುದು, ಅರವತ್ತಾರರ ಹೆಂಗಸು ಹಾಗೆಯೇ ಮಾಡುವುದು, ಮೂರನೆಯ ರೊಟ್ಟಿ ಹರಿದಾಗ ಇಬ್ಬರೂ ನಗುವುದು ನಡುಮನೆಗೆ ಕೇಳಿಸುತ್ತಿತ್ತು.

ಅವರು ಹೊರಡುವ ದಿನ ಆ ಸ್ಟೀಲಿನ ಡಬ್ಬಿಯನ್ನು ತೊಳೆದು ಒರೆಸಿ ಹೊರಗೆ ತೆಗೆದೆವು. ಅದು ಎರಡು ವರ್ಷ ನಮ್ಮಲ್ಲಿಯೇ ಉಳಿದಿತ್ತು; ಊರಿಗೆ ಹೋಗುವಾಗ ತೆಗೆದುಕೊಂಡು ಹೋಗಲು ನನಗೆ ಮುಖವಿರಲಿಲ್ಲ. ಏನನ್ನು ತುಂಬಬೇಕೆಂದು ನಾವು ಹಿರಿಯರು ಯೋಚಿಸುತ್ತಿರುವಷ್ಟರಲ್ಲಿ ಮೊಮ್ಮಗನು ತನ್ನ ಪಾಲಿನ ಉಳಿದ ಹಣದಿಂದ ತಂದ ಬಿಸ್ಕತ್ತಿನ ಪೊಟ್ಟಣಗಳನ್ನು ಅದರಲ್ಲಿ ಹಾಕಿದನು. ನನ್ನ ಪತ್ನಿ ತಾನು ಬಡಿದ ರೊಟ್ಟಿಗಳನ್ನು, ಹರಿದವನ್ನೂ ಸೇರಿಸಿ, ಮೇಲಿಟ್ಟಳು. ರೊಟ್ಟಿಯನ್ನು ರೊಟ್ಟಿಯ ಊರಿಗೇ ಕಳಿಸುವುದೇ ಎಂದು ನಾನು ನಕ್ಕೆನು. ಎರಡು ದಿನದ ಮೇಲೆ ತಮ್ಮನ ಹೆಂಡತಿ ಫೋನಿನಲ್ಲಿ, ರೊಟ್ಟಿ ಸ್ವಲ್ಪ ದಪ್ಪಾಗಿತ್ತೆಂದೂ, ಅಕ್ಕಗ ಹೇಳ್ರಿ, ಹಿಟ್ಟಿಗೆ ಎಸರು ಇನ್ನಷ್ಟು ಕುದೀಬೇಕೆಂದೂ ಹೇಳಿದಳು. ಡಬ್ಬಿ ಈಗ ಅವರಲ್ಲಿದೆ.